ಬೇರೆ ಕಣ್ಣು

ಹೊಸ ಫೋಟೋಗಳನ್ನು ತೆಗೆದದ್ದು ತನ್ನ ಹೆಂಡತಿಯಲ್ಲ ಎಂಬುದು, ಮೂರನೆಯದನ್ನು ವೆಬ್‌ಸೈಟಿಗೆ ಏರಿಸುವಷ್ಟರಲ್ಲಿ ಅವನಿಗೆ ಖಾತ್ರಿಯಾಯಿತು.

ಅವಳು ಮಕ್ಕಳ ಫೋಟೋಗ್ರಾಫರ್. ಅವಳ ವೆಬ್‌ಸೈಟ್ ಅವನ ಕೈಕೆಲಸ. ಯಾವ ಚಿತ್ರ ಮೊದಲು, ಯಾವುದರ ಪಕ್ಕ ಯಾವುದು, ಎಲ್ಲ ಅವನೇ ಜೋಡಿಸುತ್ತಿದ್ದ. ಅಲ್ಲಿನ ಮಕ್ಕಳೆಲ್ಲ ಬಾಯ್ತುಂಬ ನಗುತ್ತಿದ್ದವು. ಅದರ ಗುಟ್ಟೂ ಅವನಿಗೆ ಗೊತ್ತು. ಬಲಗಣ್ಣನ್ನು ಕ್ಯಾಮೆರಾಗೆ ಒತ್ತಿಕೊಂಡು, ಪಕ್ಕದಿಂದ ಇಣುಕುವ ಎಡಗಣ್ಣನ್ನು ಅವಳು ಪಟಪಟ ಮಿಟುಕಿಸುತ್ತಿದ್ದಳು. ಎಂಥ ಹಟಮಾರಿ ಮಗುವೂ ಸೋಲುತ್ತಿತ್ತು. ಅವನೂ ಹಾಗೆ ಸೋತೇ ಮದುವೆಯಾದವನು.

ಹೊಸ ಚಿತ್ರಗಳಲ್ಲಿ ಒಂದು ಮಗುವೂ ನಕ್ಕಿರಲಿಲ್ಲ. ಎಲ್ಲವೂ ಮುಖ ಬಿಗಿದುಕೊಂಡು ಲೆನ್ಸನ್ನೇ ದಿಟ್ಟಿಸುತ್ತಿದ್ದವು.

“ಇವನ್ನ ನೀನೇ ತೆಗೆದಿದ್ದಾ?”

“ಮತ್ಯಾರು ತೆಗೀತಾರೆ?” ಅವಳು ತಿರುಗಿ ನೋಡಲಿಲ್ಲ. “ಸೈಟಲ್ಲಿ ಚಿತ್ರಗಳನ್ನ ಇನ್ನೂ ದೊಡ್ಡದು ಮಾಡ್ರೀ. ಅಷ್ಟು ಚಿಕ್ಕದಿದ್ರೆ ಯಾರಿಗೆ ಕಾಣುತ್ತೆ?”

ಕಾಫಿ ಬಗ್ಗಿಸಿದಳು. ಅರ್ಧ ಲೋಟಕ್ಕೆ, ಅರ್ಧ ಮೇಜಿಗೆ. ಮನಸ್ಸು ಎಲ್ಲೋ ಇದೆ, ಅಂದುಕೊಂಡ.

ಮೊದಲೆಲ್ಲ ದೀಪ ಹಿಡಿಯಲು ಅವನನ್ನು ಜೊತೆಗೆ ಕರೆದೊಯ್ಯುತ್ತಿದ್ದವಳು ಈಚೆಗೆ “ನೀವು ಬೇಡ” ಎನ್ನುತ್ತಿದ್ದಳು. ಕೆಲಸವಿಲ್ಲದ ದಿನವೂ ಎಲ್ಲಿಗೋ ಹೋಗಿ ಬರುತ್ತಿದ್ದಳು. ಮೊನ್ನೆ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಪಿಸುಗುಟ್ಟಿದ್ದು ಅವನ ಕಿವಿಗೆ ಬಿದ್ದಿತ್ತು: “ಮನೇಲಿ ಇನ್ನೂ ಹೇಳಿಲ್ಲ. ಹೇಳಿದ್ರೆ ಅವರು ತಡ್ಕೊಳಲ್ಲ.”

ಅವಳು ಸ್ನಾನಕ್ಕೆ ಹೋದಾಗ ಕ್ಯಾಮೆರಾ ಚೀಲ ಬಿಚ್ಚಿದ. ಹಿಂಬದಿಯ ಪರದೆಯ ಮೇಲೆ ಮೂಗು ಒತ್ತಿದ ಜಿಡ್ಡಿನ ಗುರುತು. ಇಷ್ಟು ವರ್ಷದಲ್ಲಿ ಅವಳ ಮೂಗು ಎಂದೂ ಅಲ್ಲಿಗೆ ತಾಗಿದ್ದಿಲ್ಲ. ಕಣ್ಣಿಟ್ಟು ನೋಡುವ ಕಿಂಡಿಯ ಪಕ್ಕ ಒಂದು ಪುಟ್ಟ ಚಕ್ರವಿರುತ್ತದೆ. ನೋಡುವವರು ಅದನ್ನು ತಮ್ಮ ದೃಷ್ಟಿಗೆ ತಕ್ಕಂತೆ ಹೊಂದಿಸಿಕೊಳ್ಳುತ್ತಾರೆ. ತನ್ನ ಕಣ್ಣಿನ ಅಳತೆಗೆ ಅವಳು ಅದರ ಪಕ್ಕದಲ್ಲೊಂದು ಬಿಳಿ ಚುಕ್ಕೆ ಇಟ್ಟಿದ್ದಳು. ಈಗ ಚಕ್ರ ಆ ಚುಕ್ಕೆಯಿಂದ ಬಹಳ ದೂರ ತಿರುಗಿತ್ತು.

ಈ ಕ್ಯಾಮೆರಾದಲ್ಲಿ ಬೇರೆ ಕಣ್ಣೊಂದು ನೋಡುತ್ತಿದೆ.

ಬಾಗಿಲ ಚೌಕಟ್ಟಿಗೆ ಬಲಭುಜ ಬಡಿಸಿಕೊಂಡು ಅವಳು ಒಳಬಂದಳು. ಅವನು ಕ್ಯಾಮೆರಾವನ್ನು ಅವಳ ಮುಖದ ಮುಂದೆ ಹಿಡಿದ.

“ಯಾರವನು? ಅವನು ತೆಗೆದ ಫೋಟೋಗಳನ್ನ ನಿನ್ನ ಹೆಸರಲ್ಲಿ ಜೋಡಿಸೋಕೆ ನಾನೇ ಬೇಕಿತ್ತಾ? ನನ್ನ ಕಣ್ಣಿಗೇ ಮಣ್ಣೆರಚ್ತೀಯಾ?”

ಅವಳು ಅಳಲಿಲ್ಲ, ರೇಗಲಿಲ್ಲ. ಚಕ್ರವನ್ನೂ ಅವನನ್ನೂ ಒಮ್ಮೆ ನೋಡಿದಳು.

“ಅಲ್ಲೇ ನಿಂತ್ಕೊಳ್ಳಿ. ನಿಮ್ಮದೇ ಒಂದು ತೆಗೀತೀನಿ.”

ಕ್ಯಾಮೆರಾ ಇಸಿದುಕೊಂಡು, ಅವನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಎತ್ತಿ ಹಿಡಿದಳು. ಅಷ್ಟು ಕೋಪದಲ್ಲೂ ಅವನು ಅಭ್ಯಾಸಬಲದಿಂದ, ಪಕ್ಕದಲ್ಲಿ ಮಿಟುಕುವ ಆ ಕಣ್ಣನ್ನು ಹುಡುಕಿದ. ಅದು ಅಲ್ಲಿರಲಿಲ್ಲ. ಅವಳ ಇಡೀ ಮುಖ, ಮೂಗಿನ ಸಮೇತ, ಕ್ಯಾಮೆರಾದ ಹಿಂದೆ ಅಡಗಿಹೋಗಿತ್ತು.

“ಬಲಗಣ್ಣು ಹೋಯ್ತು ರೀ,” ಎಂದಿತು ಅದರ ಹಿಂದಿನಿಂದ ಅವಳ ದನಿ. “ಮಕ್ಕಳನ್ನ ನಗಿಸ್ತಿದ್ದ ಕಣ್ಣಲ್ಲೇ ಈಗ ನೋಡ್ಬೇಕು.”