ಅರ್ಥ್ ತಂತಿ

ಗಂಡನ ಹದಿಮೂರನೆಯ ದಿನದ ಊಟ ಮುಗಿದ ಮರುಬೆಳಿಗ್ಗೆ, ಅವನು ಟಿವಿ ರಿಪೇರಿಗೆಂದು ಎರವಲು ತಂದಿದ್ದ ಸ್ಕ್ರೂಡ್ರೈವರನ್ನು ರೇಣುಕೆ ಟಿವಿ ಮೆಕ್ಯಾನಿಕ್ ದಾದಾಪೀರನಿಗೆ ಹಿಂದಿರುಗಿಸಿದಳು. ಹಳೆಯ ಕಲರ್ ಟಿವಿಯ ಪ್ಲಗ್ ಕಿತ್ತರೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ. ಕೈಹಾಕುವ ಮೊದಲು ಅದನ್ನು ಇಳಿಸಲು ಈ ಸ್ಕ್ರೂಡ್ರೈವರಿಗೆ ಅರ್ಥ್ ತಂತಿ ಬೆಸೆದಿತ್ತು.

ದಾದಾಪೀರ ಅದನ್ನು ತಿರುಗಿಸಿ ನೋಡಿದ.

"ತಂಗಿ, ತಂತಿ ಬುಡದಲ್ಲೇ ಕಡಿದಿದೆಯಲ್ಲಮ್ಮ."

"ಇದನ್ನ ಮುಟ್ಟಿಸಿಯೇ ಅವರು ಕೈ ಹಾಕಿದ್ದು, ಅಣ್ಣ."

"ಗೆಳೆಯ ಕೇಳಿದ ಅಂತ ನೋಡ್ದೇನೆ ಕೊಟ್ಟುಬಿಟ್ಟೆ. ನಾನೇ ಕೊಂದೆ ಅವನನ್ನ."

"ನೀವೇನು ಬೇಕಂತ ಮಾಡಿದ್ರಾ?"

ಅವನಿಗೆ ನೀರು ಕೊಟ್ಟು ಹೊರಬಂದಳು.

ಗಂಡ ಸತ್ತ ಆ ಭಾನುವಾರ, ಅವನು ರಿಪೇರಿ ಕೆಲಸ ಬಿಟ್ಟು ರೇಣುಕೆಯ ತಂಗಿಯ ನಿಶ್ಚಿತಾರ್ಥಕ್ಕೆ ಬರಲೆಂದು ಅವಳು ಸ್ಕ್ರೂಡ್ರೈವರನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದಳು. ಅವನು ಹುಡುಕಿ ಸಾಕಾಗಿ ಟಿವಿಯೊಳಗೆ ಬರಿಗೈ ಹಾಕಿದ್ದ. ತಂತಿಯನ್ನು ಅವಳು ಕತ್ತರಿಸಿದ್ದು ಈ ಬೆಳಿಗ್ಗೆ.