ತಿಳಿನೀಲಿ

“ಮಾವ, ನೀವು ಹೆಕ್ಕಿಕೊಟ್ಟಿದ್ದು ಈ ಸಲಾನೂ ಖಾಲಿ, ಜೀನ್ ಸೇರೇ ಇಲ್ಲ,” ಎಂದು ಸಂಶೋಧನೆಗೆ ಬಂದ ಹುಡುಗಿ ಗಾಜಿನ ತಟ್ಟೆಯನ್ನು ಮೇಜಿನ ಮೇಲಿಟ್ಟಾಗ ಹದ್ದುಗಣ್ಣಿನ ಮಾವನಿಗೆ ಸಿಟ್ಟು ನೆತ್ತಿಗೇರಿತು.

ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದೇ ಹಾಗೆ. ತಟ್ಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಬೆಳೆದ ಬ್ಯಾಕ್ಟೀರಿಯಾಗಳಲ್ಲಿ ಹೊಸ ಜೀನ್ ಸೇರಿಕೊಂಡವು ಬೆಳ್ಳಗೇ ಉಳಿಯುತ್ತವೆ. ಸೇರದವುಗಳ ಕಿಣ್ವ ತಟ್ಟೆಗೆ ಬೆರೆಸಿದ ವಸ್ತುವನ್ನು ಒಡೆದು ನೀಲಿ ಬಣ್ಣ ಬಿಡುತ್ತದೆ. ಆ ಹಿಂಡಿನಲ್ಲಿ ಬಿಳಿಯದನ್ನು ಹುಡುಕಿ ಕಡ್ಡಿಯಿಂದ ಹೆಕ್ಕುವುದು ಮಾವನ ಕೆಲಸ. ಸಂಶೋಧನೆಯವರು ಬರುತ್ತಾರೆ, ಹೋಗುತ್ತಾರೆ. ಆ ಕಡ್ಡಿ ಮಾತ್ರ ಅವನ ಕೈ ಬಿಟ್ಟದ್ದಿಲ್ಲ.

“ಜೀನ್ ಸೇರಿಸೋಕೆ ಬರದೆ ನನ್ನ ಕಣ್ಣಿಗೆ ಹೆಸರಿಡ್ತೀಯಾ? ಬೆಳಿಗ್ಗೆ ಸರ್ ಉಗಿದದ್ದು ಸಾಲ್ದೇನು?”

ಪ್ರಯೋಗಾಲಯದ ಮುಖ್ಯಸ್ಥರು ಉಗಿದದ್ದು ನಿಜ. ಅದೂ ಎಲ್ಲರೆದುರಿಗೆ, ಮಾನ ಹರಾಜು ಹಾಕಿದ ಹಾಗೆ. ಈ ತಿಂಗಳೊಳಗೆ ಒಂದಾದರೂ ಸರಿಯಾದ ಚುಕ್ಕೆ ಸಿಗದಿದ್ದರೆ ಗಂಟುಮೂಟೆ ಕಟ್ಟು ಎಂದಿದ್ದರು. ಆಗ ಹುಡುಗಿ ತುಟಿ ಪಿಟಕ್ಕೆನ್ನದೆ ನಿಂತಿದ್ದಳು. ಈಗ ಇನ್ನೊಂದು ತಟ್ಟೆಯನ್ನು ಮೆಲ್ಲಗೆ ಮುಂದೆ ಸರಿಸಿದಳು.

“ಇದರಲ್ಲಿ ಬಿಳಿ ಯಾವುದು ಮಾವ?”

“ಯಾವುದೇನು ಬಂತು, ಪೂರ್ತಿ ಬಿಳಿ! ಭೇಷ್, ಅಂತೂ ಸಾಧಿಸಿಬಿಟ್ಟೆ ಬಿಡು.”

ಹುಡುಗಿಯ ಕಣ್ಣು ತುಂಬಿಕೊಂಡವು. “ಇದಕ್ಕೆ ನಾನು ಜೀನ್ ಹಾಕೇ ಇಲ್ಲ ಮಾವ. ಹೋಲಿಸಿ ನೋಡೋಕೆ ಇಟ್ಟಿದ್ದು. ಎಲ್ಲಾ ತಿಳಿನೀಲಿ. ಮೊದಲಿನ ತಟ್ಟೇಲಿ ನಿಜವಾದ ಬಿಳೀನೂ ಇತ್ತು, ನೀವು ಪಕ್ಕದ್ದು ಹೆಕ್ಕಿದ್ದೀರಿ.”

ಮಾವ ಕನ್ನಡಕ ಒರೆಸಿಕೊಂಡು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಹೇಗೆ ತಿರುಗಿಸಿದರೂ ಬಿಳಿಯೇ. ಮೊನ್ನೆ ಮೊನ್ನೆ, ಮಲಗುವ ಕೋಣೆಗೆ ತಿಳಿನೀಲಿ ಬಳಿ ಎಂದರೆ ಸುಣ್ಣ ಬಳಿದು ಟೋಪಿ ಹಾಕ್ತೀಯಾ ಎಂದು ಪೇಂಟರನ ಮೇಲೆ ಎಗರಾಡಿದ್ದ. ಹೆಂಡತಿ “ಹೋಗ್ಲಿ ಬಿಡಿ, ನಂಗೆ ಚೆನ್ನಾಗೇ ಕಾಣ್ತಿದೆ” ಎಂದು ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋಗಿದ್ದಳು. ಆಗ ಅವಳ ಮುಖದಲ್ಲಿದ್ದ ಗಾಬರಿ ಈಗ ಅರ್ಥವಾಯಿತು.

“ನಿಂಗೆ ಅನುಮಾನ ಬಂದಿತ್ತಾ?”

“ಎರಡು ಮೂರು ದಿನದಿಂದ.”

“ಮತ್ತೆ ಸರ್ ಹಾಗೆ ಉಗೀತಿದ್ರೆ ಬಾಯಿ ಯಾಕೆ ಬಿಡ್ಲಿಲ್ಲ?”

“ನಿಮಗೆ ಬಣ್ಣ ಕಾಣ್ತಿಲ್ಲ ಅಂದ್ರೆ ಕೆಲಸದಲ್ಲಿ ಇಟ್ಕೋತಾರಾ ಮಾವ? ಮೊದಲು ಕಣ್ಣಿನ ಡಾಕ್ಟರ್ ಹತ್ರ ಹೋಗಿ. ಅಲ್ಲೀವರೆಗೆ ನಾನೇ ಹೆಕ್ಕಿ, ನೀವೇ ಹೆಕ್ಕಿದ್ದು ಅಂತೀನಿ.”

“ಅಯ್ಯೋ ಹುಚ್ಚಿ!” ಎಂದ ಮಾವ. ಇಂಥ ಹುಡುಗಿಯ ಮೇಲೆ ನಾಲಿಗೆ ಹರಿಬಿಟ್ಟೆನಲ್ಲ ಎಂದು ನಾಚಿಕೆಯಿಂದ ಹಿಡಿಯಷ್ಟಾದ. ಕಡ್ಡಿಯನ್ನು ಅವಳ ಕೈಗಿಟ್ಟು, ಕೋಟಿನ ಗುಂಡಿ ಹಾಕಿಕೊಂಡು, ನೇರ ಸರ್ ಕೋಣೆಗೆ ನಡೆದ.

“ಏನ್ರೀ, ಆ ಹುಡುಗಿ ಪರ ವಕಾಲತ್ತಿಗೆ ಬಂದ್ರಾ?” ಸರ್ ತಲೆಯೆತ್ತದೆ ಕೇಳಿದರು.

“ಇಲ್ಲ ಸರ್. ಬೆಳಿಗ್ಗೆ ಅವಳಿಗೆ ಬೈದ್ರಲ್ಲ, ಅದು ನನಗೆ ಸೇರಬೇಕಾದ್ದು. ಇಸ್ಕೊಂಡು ಹೋಗೋಣ ಅಂತ ಬಂದೆ.”