ಹೆಸರು ಕೇಳುವ ಕಾರು

"ಯಜಮಾನರ ಹೆಸರು ಹೇಳಿ," ಎಂದಿತು ಕಾರು.

ಕಳ್ಳರ ಕಾಟಕ್ಕೆ ಈಗ ಎಲ್ಲ ಕಾರುಗಳೂ ಗುರುತಿನ ಮಾತು ಕೇಳುತ್ತವೆ. ಪಕ್ಕದ ಮನೆಯ ಕಾರಿಗೆ "ಜೋಳದ ರೊಟ್ಟಿ" ಅಂದರೆ ಸಾಕು, ಹೊರಡುತ್ತದೆ.

ಹಿಂದಿನ ಸೀಟಿನಲ್ಲಿ ಗಂಡ ಎದೆ ಹಿಡಿದುಕೊಂಡು ನರಳುತ್ತಿದ್ದ. ಸ್ಟೀರಿಂಗ್ ಹಿಡಿದ ನೀಲಗಂಗವ್ವ ಮದುವೆಯಾದಾಗಿನಿಂದ ಒಮ್ಮೆಯೂ ಅವನ ಹೆಸರು ಹೇಳಿದವಳಲ್ಲ.

"ನಮ್ಮ ಮನಿಯವರು," ಎಂದಳು.

"ತಪ್ಪು. ಯಜಮಾನರ ಹೆಸರು ಹೇಳಿ."

"ಬ್ಯಾರೆ ಏನರೆ ಇಡಾಕ ಏನಾಗಿತ್ರೀ ನಿಮಗ?" ಹಿಂದೆ ತಿರುಗಿ ಗಂಡನನ್ನು ಕೇಳಿದಳು.

"ನೀ ಹೇಳೂದಿಲ್ಲ ಅಂತ ಗೊತ್ತಿದ್ದೇ ಇಟ್ಟೀನಿ," ಗಂಡ ತೊದಲಿದ. "ಇಲ್ಲಂದ್ರ ಗಾಡಿ ತಗೊಂಡು ಊರು ತಿರುಗ್ತಿದ್ದಿ."

ಹಾಗಾದರೆ ಈ ಬೀಗ ಕಳ್ಳರಿಗಲ್ಲ, ತನಗೆ! ನೀಲಗಂಗವ್ವನ ಮೈಯೆಲ್ಲ ಉರಿಯಿತು.

"ಗುರುಪಾದಪ್ಪ!" ಓಣಿಗೆಲ್ಲ ಕೇಳುವಂತೆ ಚೀರಿದಳು.

ಕಾರು ಸ್ಟಾರ್ಟ್ ಆಯಿತು.

ಅವಳು ಹಿಂದೆ ತಿರುಗಲಿಲ್ಲ. "ಬೆಲ್ಟ್ ಹಾಕ್ಕೊ, ಗುರುಪಾದಪ್ಪ."